ಕಂಟ್ರಿ ಹೌಸ್ ಹೋಟೆಲ್

ಕಂಟ್ರಿ ಹೌಸ್ ಹೋಟೆಲ್ ಎಂದರೆ ಜಮೀನ್ದಾರಿ ಕುಟುಂಬದ ವಾಸಕ್ಕೆಂದು ಹಳ್ಳಿಗಾಡಿನಲ್ಲಿ ಕಟ್ಟಿಸಿದ ದೊಡ್ಡ ಮನೆಯನ್ನು ಅದರ ತೋಟ, ಹುಲ್ಲುಹಾಸುಗಳ ಸಮೇತ ಉಳಿಸಿಕೊಂಡು, ಹಣ ಕೊಟ್ಟು ಬರುವವರ ವಾಸ್ತವ್ಯಕ್ಕೂ ಉನ್ನತ ದರ್ಜೆಯ ಊಟಕ್ಕೂ ಒದಗಿಸುವ ವಸತಿಗೃಹ. ಎರಡನೆಯ ಮಹಾಯುದ್ಧದ ಬೆನ್ನಿಗೆ ಬ್ರಿಟನ್ನಿನಲ್ಲಿ ರೂಪುಗೊಂಡ ಈ ಬಗೆ ಐರ್ಲೆಂಡಿಗೂ ಹಬ್ಬಿತು. ಕೋಣೆಗಳ ಸಂಖ್ಯೆ ಸಾಮಾನ್ಯವಾಗಿ ಹತ್ತರಿಂದ ಐವತ್ತರೊಳಗೆ. ಬಂದವರನ್ನು ಮನೆಗೆ ಬಂದ ನೆಂಟರಂತೆ ನೋಡಿಕೊಳ್ಳುವುದು ಇಲ್ಲಿನ ರೀತಿಯೆಂದು ಹೇಳಿಕೊಳ್ಳುತ್ತಾರೆ. ಹಣದ ಮಾತು ಕಣ್ಣಿಗೂ ಕಿವಿಗೂ ಆದಷ್ಟು ದೂರವಿರುತ್ತದೆ, ಹೊರಡುವ ದಿನದ ಬಿಲ್ಲಿನವರೆಗೆ.

ಹೆಸರು ಮತ್ತು ವ್ಯಾಪ್ತಿ

ಈ ಹೆಸರಿನ ಎರಡು ಪದಗಳು ಕನ್ನಡದಲ್ಲಿ ದಾರಿ ತಪ್ಪಿಸಬಲ್ಲವು. ನಮ್ಮ ಮಾತಿನಲ್ಲಿ ಹೋಟೆಲ್ ಅಂದರೆ ಮೊದಲಿಗೆ ತಿಂಡಿ, ಊಟ, ಕಾಫಿ ಸಿಗುವ ಜಾಗ. ಮಲಗಲು ಹೋಗುವುದು ಲಾಡ್ಜಿಗೆ. ಇಂಗ್ಲೆಂಡಿನ ಎಸ್ಟೇಟುಗಳಲ್ಲಿ ಲಾಡ್ಜ್ ಎಂದರೆ ಹೆಬ್ಬಾಗಿಲ ಪಕ್ಕದ ಕಾವಲುಗಾರನ ಪುಟ್ಟ ಮನೆ. ‘ಕಂಟ್ರಿ ಹೌಸ್’ ಅನ್ನುವುದಕ್ಕೆ ಹಳ್ಳಿಮನೆ ಎಂಬ ಅರ್ಥವೂ ಸಲ್ಲದು. ಸುತ್ತಲಿನ ಗೇಣಿದಾರರ ಹೊಲಗಳಿಂದ ಬರುವ ಆದಾಯದ ಮೇಲೆ ನಿಂತ, ಊರಿನ ಅಧಿಕಾರ ನಡೆಯುತ್ತಿದ್ದ ಮನೆ ಅದು. ನಮ್ಮ ಹಳ್ಳಿಗಳ ‘ದೊಡ್ಮನೆ’ ಎಂಬ ಮಾತು ಅರ್ಥದಲ್ಲಿ ಇದಕ್ಕೆ ಹತ್ತಿರ. ಈ ಲೇಖನದಲ್ಲಿ ‘ಮನೆ’ ಎಂದು ಬಂದಲ್ಲೆಲ್ಲ ಇಂಥ ದೊಡ್ಡ ಮನೆ ಎಂದೇ ತಿಳಿಯಬೇಕು.

ಊರ ನಡುವಿನ ಹಳೆಯ ಛತ್ರದಂಥ ‘ಇನ್’, ರೈಲ್ವೆ ಕಂಪನಿಗಳು ಹೋಟೆಲ್ ಆಗಿಯೇ ಕಟ್ಟಿದ ಭವನಗಳು, ಇತ್ತೀಚಿನ ರೆಸಾರ್ಟುಗಳು ಈ ವರ್ಗಕ್ಕೆ ಸೇರವು. 1924ರಲ್ಲಿ ತೆರೆದ ಸ್ಕಾಟ್ಲೆಂಡಿನ ಗ್ಲೆನೀಗಲ್ಸ್ ಎಷ್ಟೇ ವೈಭವದ್ದಾದರೂ ರೈಲ್ವೆ ಹೋಟೆಲೇ ಹೊರತು ಕಂಟ್ರಿ ಹೌಸ್ ಅಲ್ಲ, ಏಕೆಂದರೆ ಅಲ್ಲಿ ಯಾವ ಕುಟುಂಬವೂ ಸಂಸಾರ ಹೂಡಿರಲಿಲ್ಲ.

ಹುಟ್ಟು

ದೊಡ್ಡ ಮನೆಗಳು ಹೋಟೆಲಾದದ್ದು ಶ್ರೀಮಂತಿಕೆ ಹೆಚ್ಚಿ ಅಲ್ಲ, ಅದು ಬತ್ತಿ. 1870ರ ದಶಕದಿಂದ ಅಮೆರಿಕದ ಗೋಧಿ ರೈಲು, ಉಗಿಹಡಗುಗಳ ಮೂಲಕ ಅಗ್ಗದ ದರಕ್ಕೆ ಬಂದಿಳಿಯತೊಡಗಿತು. ಇಂಗ್ಲೆಂಡಿನ ಧಾನ್ಯದ ಬೆಲೆ ಕುಸಿಯಿತು, ಅದರ ಹಿಂದೆಯೇ ಗೇಣಿಯೂ ಇಳಿಯಿತು. 1894ರಲ್ಲಿ ಆಸ್ತಿ ವಾರಸುದಾರನಿಗೆ ಹೋಗುವಾಗ ತೆರಬೇಕಾದ ಮರಣ ತೆರಿಗೆ ಹೊಸ ರೂಪದಲ್ಲಿ ಬಂತು. ಆಗ ಅದರ ಗರಿಷ್ಠ ದರ ನೂರಕ್ಕೆ 8. 1919ರ ಹೊತ್ತಿಗೆ 40 ಆಗಿತ್ತು. ಮೊದಲ ಮಹಾಯುದ್ಧದಲ್ಲಿ ತಂದೆಯ ಬೆನ್ನಿಗೆ ಮಗನನ್ನೂ ಕಳೆದುಕೊಂಡ ಮನೆತನಗಳಿಗೆ ಕೆಲವೇ ವರ್ಷಗಳ ಅಂತರದಲ್ಲಿ ಎರಡೆರಡು ಬಾರಿ ವಾರಸುದಾರಿಕೆಯ ಲೆಕ್ಕ ಎದುರಾಯಿತು. ಮನೆಗೆಲಸಕ್ಕೆ ಬರುತ್ತಿದ್ದ ಹುಡುಗಿಯರು ಕಾರ್ಖಾನೆ, ಕಚೇರಿಗಳ ಕಡೆ ನಡೆದರು. ಎರಡನೆಯ ಯುದ್ಧದಲ್ಲಿ ಸರ್ಕಾರ ನೂರಾರು ಮನೆಗಳನ್ನು ಸೈನ್ಯ, ಆಸ್ಪತ್ರೆ, ಶಾಲೆಗಳಿಗೆ ವಶಪಡಿಸಿಕೊಂಡಿತು. ಹಿಂದಕ್ಕೆ ಬರುವಾಗ ಅನೇಕವು ಸೋರುವ ಮಾಡು, ಜಖಂಗೊಂಡ ಮೆಟ್ಟಿಲುಗಳೊಂದಿಗೆ ಬಂದವು.

ಅನೇಕರಿಗೆ ಉಳಿದ ಹಾದಿ ಮೂರು. ಕೆಡವುವುದು, ಪಾರಂಪರಿಕ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಗೆ ಒಪ್ಪಿಸುವುದು, ಇಲ್ಲವೇ ಬೇರೆ ಬಳಕೆಗೆ ಮಾರುವುದು. ಕೆಡವಿದವೂ ಬಹಳ. 1974ರಲ್ಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ ಕಂಟ್ರಿ ಹೌಸುಗಳ ವಿನಾಶವನ್ನು ಕುರಿತು ನಡೆದ ಪ್ರದರ್ಶನ, ಒಂದು ಶತಮಾನದಲ್ಲಿ ಸಾವಿರಕ್ಕೂ ಮಿಕ್ಕಿ ಮನೆಗಳು ನೆಲಸಮವಾದದ್ದನ್ನು ಜನರ ಮುಂದಿಟ್ಟಿತು. ಮಾರಾಟವಾದವುಗಳಲ್ಲಿ ಕೆಲವು ಶಾಲೆಗಳಾದವು, ಕೆಲವು ವೃದ್ಧಾಶ್ರಮಗಳಾದವು, ಕೆಲವು ಹೋಟೆಲುಗಳಾದವು.

ಈ ಬಗೆಯ ಮೊದಲ ಹೋಟೆಲ್ ಎಂದು ಸಾಮಾನ್ಯವಾಗಿ ಎಣಿಸುವುದು ಇಂಗ್ಲೆಂಡಿನ ವಾಯವ್ಯದ ಲೇಕ್ ಡಿಸ್ಟ್ರಿಕ್ಟಿನಲ್ಲಿ, ಅಲ್ಸ್‌ವಾಟರ್ ಸರೋವರದ ದಡದಲ್ಲಿದ್ದ ಶ್ಯಾರೋ ಬೇಯನ್ನು. ಫ್ರಾನ್ಸಿಸ್ ಕೌಲ್ಸನ್ ಎಂಬ ಬಾಣಸಿಗ ಇದನ್ನು 1948ರಲ್ಲಿ ಕೊಂಡರು. ಅದು ರೇಷನ್ ಕಾಲ. ಬೆಣ್ಣೆ, ಸಕ್ಕರೆ, ಮಾಂಸಗಳೆಲ್ಲ ಚೀಟಿಯ ಲೆಕ್ಕದಲ್ಲಿದ್ದವು. ಹೊರಗೆ ಉಣ್ಣುವ ಒಂದು ಊಟಕ್ಕೆ ಐದು ಶಿಲಿಂಗಿಗಿಂತ ಹೆಚ್ಚು ಕೇಳಬಾರದೆಂಬ 1942ರ ಯುದ್ಧಕಾಲದ ನಿಯಮ 1950ರವರೆಗೂ ಜಾರಿಯಲ್ಲಿತ್ತು. ರೇಷನ್ ಪೂರ್ತಿ ತೆರವಾದದ್ದು 1954ರ ಜುಲೈಯಲ್ಲಿ. 1952ರಲ್ಲಿ ಬ್ರಯನ್ ಸ್ಯಾಕ್ ಜೊತೆಗೂಡಿದರು. ಕೌಲ್ಸನ್ ಅಡುಗೆಮನೆ ನೋಡಿಕೊಂಡರೆ ಸ್ಯಾಕ್ ಬಂದವರನ್ನು ನೋಡಿಕೊಂಡರು. ಮುಂದಿನ ಕಂಟ್ರಿ ಹೌಸ್ ಹೋಟೆಲುಗಳ ರೂಢಿಗಳಲ್ಲಿ ಬಹುಪಾಲು ಈ ಒಂದು ಮನೆಯಿಂದ ಬಂದವು: ಮಾಲೀಕರೇ ಎದುರುಗೊಳ್ಳುವುದು, ಪಿಂಗಾಣಿ ಬೊಂಬೆ, ಕುಶನ್, ಪುಸ್ತಕಗಳಿಂದ ತುಂಬಿದ ಕೋಣೆ, ಕೆನೆ ಬೆಣ್ಣೆಗೆ ಕೈ ಹಿಡಿಯದ ಊಟ. ಬ್ರಿಟನ್ನಿನ ಅಚ್ಚುಮೆಚ್ಚಿನ ಸಿಹಿಯಾದ ಸ್ಟಿಕಿ ಟಾಫಿ ಪುಡಿಂಗ್ ಹೆಸರು ಮಾಡಿದ್ದೂ ಇಲ್ಲಿಂದಲೇ. ಅದು ಖರ್ಜೂರ ಬೆರೆಸಿದ ಮೆತ್ತನೆಯ ಕೇಕು. ಮೇಲೆ ಬೆಣ್ಣೆ, ಕಂದುಸಕ್ಕರೆ, ಕೆನೆ ಕುದಿಸಿದ ಬಿಸಿ ಪಾಕ. ಅದನ್ನು ಮೊದಲು ಮಾಡಿದವರು ಯಾರು ಎಂಬುದಕ್ಕೆ ಬೇರೆ ಹಕ್ಕುದಾರರೂ ಇದ್ದಾರೆ.

1958ರಲ್ಲಿ ಪೀಟರ್ ಹರ್ಬರ್ಟ್ ವೆಸ್ಟ್ ಸಸೆಕ್ಸಿನ ಗ್ರೇವ್‌ಟೈ ಮೇನರನ್ನು ಹೋಟೆಲ್ ಮಾಡಿದರು. 1598ರ ಈ ಮನೆ, ಕಾಡುಹೂಗಳ ಸಹಜ ತೋಟಗಾರಿಕೆಗೆ ಹೆಸರಾದ ವಿಲಿಯಂ ರಾಬಿನ್ಸನ್ 1935ರಲ್ಲಿ ಸಾಯುವವರೆಗೆ ವಾಸವಿದ್ದ ಮನೆಯೂ ಹೌದು. 1966ರಲ್ಲಿ ಹ್ಯಾಂಪ್‌ಶೈರಿನ ಚ್ಯೂಟನ್ ಗ್ಲೆನ್ ಬಂತು. 1969ರಲ್ಲಿ, ವಿಕ್ಟೋರಿಯಾ ರಾಣಿ 1873ರಲ್ಲಿ ಒಂದು ವಾರ ತಂಗಿದ್ದ ಸ್ಕಾಟ್ಲೆಂಡಿನ ಇನ್ವರ್‌ಲಾಕಿ ಕ್ಯಾಸಲ್ ಅತಿಥಿಗಳಿಗೆ ತೆರೆಯಿತು. ಹೊಸ ಮೋಟಾರುದಾರಿಗಳು, ಮನೆಗೊಂದು ಕಾರು, ಅಮೆರಿಕದ ಪ್ರವಾಸಿಗರು ಈ ವ್ಯಾಪಾರವನ್ನು ಬೆಳೆಸಿದರು. 1981ರಲ್ಲಿ ಪ್ರಸಾರವಾದ ‘ಬ್ರೈಡ್ಸ್‌ಹೆಡ್ ರೀವಿಸಿಟೆಡ್’ ಧಾರಾವಾಹಿ ದೊಡ್ಡ ಮನೆಯ ಬದುಕಿನ ಮೇಲೆ ಹೊಸ ಹಂಬಲ ಹುಟ್ಟಿಸಿತು. 1980ರ ದಶಕವೇ ಈ ಹೋಟೆಲುಗಳ ಸುಗ್ಗಿಕಾಲ.

ಕಟ್ಟಡ ಮತ್ತು ಆವರಣ

ರಸ್ತೆಬದಿಯ ಲಾಡ್ಜನ್ನು ದಾಟಿದರೆ ಸಾಲುಮರಗಳ ಉದ್ದನೆಯ ಒಳದಾರಿ. ಮನೆ ಒಮ್ಮೆಗೇ ಕಾಣದಂತೆ ಈ ದಾರಿಯನ್ನು ಹಲವೆಡೆ ಬೇಕೆಂದೇ ಬಳಸಿ ಒಯ್ದಿರುತ್ತಾರೆ. ಒಳಗೆ ಬೆಂಕಿಗೂಡಿರುವ ಹಜಾರ, ಆಮೇಲೆ ಡ್ರಾಯಿಂಗ್ ರೂಮ್, ಲೈಬ್ರರಿ, ಊಟದ ಕೋಣೆ. ಹೋಟೆಲಿನ ಕೌಂಟರು ಎದುರಿಗೆ ಕಾಣುವುದಿಲ್ಲ. ಹಜಾರದ ಮೂಲೆಯ ಒಂದು ಬರೆಯುವ ಮೇಜೇ ಆ ಕೆಲಸ ಮಾಡುತ್ತದೆ. ಹಲವು ಮನೆಗಳಲ್ಲಿ ಮಲಗುವ ಕೋಣೆಗೆ ನಂಬರಿನ ಬದಲು ಹೂವಿನದೋ ಮರದ್ದೋ ಹಳೆಯ ಮಾಲೀಕರದೋ ಹೆಸರಿರುತ್ತದೆ.

ಮನೆಯನ್ನು ಹೋಟೆಲಾಗಿ ಮಾರ್ಪಡಿಸುವುದರಲ್ಲಿ ಕಠಿಣವಾದದ್ದು ಬಚ್ಚಲು. ಇಪ್ಪತ್ತು ಮಲಗುವ ಕೋಣೆಗಳ ಮನೆಯಲ್ಲೂ ಹಿಂದೆ ಎರಡು ಮೂರು ಬಚ್ಚಲು ಇದ್ದರೆ ಹೆಚ್ಚು; ಬಿಸಿನೀರನ್ನು ಆಳುಗಳು ಹೊತ್ತು ತರುತ್ತಿದ್ದರು. ಪ್ರತಿ ಕೋಣೆಗೂ ಬಚ್ಚಲು ಸೇರಿಸಬೇಕಾದರೆ ಕೆಳಗಿನ ಚಿತ್ತಾರದ ಗಾರೆ ಚಾವಣಿಗೆ ಪೆಟ್ಟಾಗದಂತೆ ಹಳೆಯ ತೊಲೆಗಳ ನಡುವೆ ಕೊಳವೆ ಎಳೆಯಬೇಕು. 1968ರ ಕಾಯಿದೆ ಬಂದ ಮೇಲೆ ಸಂರಕ್ಷಿತ ಪಟ್ಟಿಯಲ್ಲಿರುವ ಕಟ್ಟಡದ ಸ್ವರೂಪಕ್ಕೆ ಧಕ್ಕೆಯಾಗುವ ಯಾವುದೇ ಬದಲಾವಣೆಗೂ ಮೊದಲೇ ಅನುಮತಿ ಬೇಕು. 1971ರ ಅಗ್ನಿಸುರಕ್ಷಾ ಕಾಯಿದೆ ಬೆಂಕಿ ತಡೆಯುವ ಬಾಗಿಲು, ಹೊರಹೋಗುವ ದಾರಿಗಳನ್ನು ಕೇಳಿತು. ಒಂದು ಇಲಾಖೆ ಹಳೆಯ ಓಕ್ ಬಾಗಿಲನ್ನು ಮುಟ್ಟಬೇಡ ಅಂದರೆ ಇನ್ನೊಂದು ಅದನ್ನು ಬದಲಾಯಿಸು ಅಂದಿತು. ಈ ತೊಡಕಿನಿಂದ ಪಾರಾಗಲು ಅನೇಕರು ಕುದುರೆಲಾಯ, ಸಾರೋಟಿನ ಕೊಟ್ಟಿಗೆಗಳನ್ನು ಕೋಣೆಗಳಾಗಿಸಿದರು. ಅಲ್ಲಿ ಸೌಕರ್ಯ ಹೆಚ್ಚು, ದರ ಕೆಲವೊಮ್ಮೆ ಕಡಿಮೆ. ಆದರೂ ‘ಮನೆಯೊಳಗಿನ’ ಕೋಣೆಯನ್ನೇ ಕೇಳುವವರು ಬಹಳ.

ಅಡುಗೆಯ ವಾಸನೆ ಒಳಗೆ ಸುಳಿಯಬಾರದೆಂದು ಅಡುಗೆಮನೆಯನ್ನು ಊಟದ ಕೋಣೆಯಿಂದ ಆದಷ್ಟು ದೂರ ಕಟ್ಟುತ್ತಿದ್ದರು. ಹೀಗಾಗಿ ಒಡೆಯನ ತಟ್ಟೆಗೆ ಬೀಳುವಷ್ಟರಲ್ಲಿ ಊಟ ಆರಿರುತ್ತಿತ್ತು. ಹೋಟೆಲಾದ ಮೇಲೆ ಅದು ನಡೆಯುವ ಮಾತಲ್ಲ. ಅಡುಗೆಮನೆ ಹತ್ತಿರಕ್ಕೆ ಬಂತು, ಇಲ್ಲವೇ ಊಟದ ಕೋಣೆಯೇ ಆ ಕಡೆಗೆ ಬೆಳೆಯಿತು. ಆಳುಗಳನ್ನು ಕರೆಯುತ್ತಿದ್ದ ಗಂಟೆಗಳ ಸಾಲು, ಪ್ರತಿ ಗಂಟೆಯ ಕೆಳಗೆ ಕೋಣೆಯ ಹೆಸರಿನೊಂದಿಗೆ, ಹಿಂಬದಿಯ ಓಣಿಯಲ್ಲಿ ಇನ್ನೂ ತೂಗುತ್ತಿರುವುದುಂಟು.

ಗೋಡೆತೋಟ ಎಂದು ಕರೆಯಬಹುದಾದ ಆವರಣ ಪ್ರತ್ಯೇಕವಾಗಿ ಹೇಳಬೇಕಾದದ್ದು. ತರಕಾರಿ, ಹಣ್ಣಿಗಾಗಿ ಎತ್ತರದ ಇಟ್ಟಿಗೆ ಗೋಡೆ ಕಟ್ಟಿದ ಜಾಗ ಅದು. ಹಗಲಿನ ಬಿಸಿಲನ್ನು ಹೀರಿದ ಇಟ್ಟಿಗೆ ರಾತ್ರಿ ಶಾಖ ಬಿಡುತ್ತದೆ. ದಕ್ಷಿಣಕ್ಕೆ ಮುಖಮಾಡಿದ ಗೋಡೆಗೆ ಪೀಚ್, ಏಪ್ರಿಕಾಟ್ ಗಿಡಗಳ ರೆಂಬೆಗಳನ್ನು ಬೀಸಣಿಗೆಯಂತೆ ಹರಡಿ ಕಟ್ಟುತ್ತಾರೆ. ಕೆಲವು ಗೋಡೆಗಳು ಒಳಗೆ ಟೊಳ್ಳು. ಹೂಬಿಡುವ ಕಾಲದಲ್ಲಿ ಹಿಮ ಬೀಳುವ ಸೂಚನೆ ಸಿಕ್ಕರೆ ಗೋಡೆಯ ಬುಡದಲ್ಲಿ ಒಲೆ ಹಚ್ಚಿ ಆ ಟೊಳ್ಳಿನಲ್ಲಿ ಬಿಸಿಹೊಗೆ ಹರಿಸುತ್ತಿದ್ದರು. ಗ್ರೇವ್‌ಟೈಯಲ್ಲಿ ರಾಬಿನ್ಸನ್ ಕಟ್ಟಿಸಿದ ಗೋಡೆತೋಟ ಮೊಟ್ಟೆಯಾಕಾರದ್ದು. ಊಟಕ್ಕೆ ಬೇಕಾದ್ದೆಲ್ಲ ಇಂಥ ತೋಟದಿಂದಲೇ ಬರುತ್ತದೆಂಬುದು ಪ್ರಚಾರದ ಮಾತು. ಸೊಪ್ಪು, ಮೂಲಿಕೆ, ತಿನ್ನುವ ಹೂ, ಋತುವಿನ ಕೆಲವು ತರಕಾರಿಗೆ ಅದು ಸಾಕಾದೀತು. ಉಳಿದದ್ದು ವ್ಯಾನಿನಲ್ಲೇ ಬರಬೇಕು.

ಊಟ

ಸುತ್ತ ಹತ್ತಾರು ಮೈಲಿ ಬೇರೆ ಊಟ ಸಿಗದ ಕಡೆ ತಂಗಿದವರು ರಾತ್ರಿ ಅಲ್ಲಿಯೇ ಉಣ್ಣಬೇಕು. ಆದ್ದರಿಂದ ರಾತ್ರಿಯೂಟ, ಕೋಣೆ, ಬೆಳಗಿನ ತಿಂಡಿ ಮೂರನ್ನೂ ಒಂದೇ ದರದಲ್ಲಿ ಸೇರಿಸುವ ಪದ್ಧತಿ ಬಂತು. ಕೇವಲ ಹತ್ತಿಪ್ಪತ್ತು ಕೋಣೆಗಳ ಬಾಡಿಗೆಯಿಂದ ಅಷ್ಟು ದೊಡ್ಡ ಮಾಡಿನ ದುರಸ್ತಿ ಸಾಗದು. ಊಟಕ್ಕೆಂದೇ ದೂರದಿಂದ ಜನ ಬರುವಂತಾದರೆ ಸಾಗುತ್ತದೆ. ಅಡುಗೆಮನೆ ಮನೆಯನ್ನು ಕಾದದ್ದು ಹೀಗೆ. 1951ರಲ್ಲಿ ರೇಮಂಡ್ ಪೋಸ್ಟ್‌ಗೇಟ್ ಶುರುಮಾಡಿದ ‘ಗುಡ್ ಫುಡ್ ಗೈಡ್’ ಇಂಥ ದೂರದ ಮನೆಗಳ ಹೆಸರನ್ನು ಊರೂರಿಗೆ ತಲುಪಿಸಿತು. 1974ರಿಂದ ಫ್ರಾನ್ಸಿನ ಮಿಶೆಲಿನ್ ಗೈಡ್ ಬ್ರಿಟನ್ನಿನ ಊಟದ ಮನೆಗಳಿಗೂ ನಕ್ಷತ್ರ ಕೊಡತೊಡಗಿತು. ರಟ್ಲೆಂಡಿನ ಹ್ಯಾಂಬಲ್ಟನ್ ಹಾಲ್ 1982ರಿಂದ ತನ್ನ ನಕ್ಷತ್ರವನ್ನು ಉಳಿಸಿಕೊಂಡು ಬಂದಿದೆ.

ಫೈನ್ ಡೈನಿಂಗ್ ಎಂಬುದು ಬರೀ ರುಚಿಯ ಮಾತಲ್ಲ, ಅದಕ್ಕೊಂದು ಅನುಕ್ರಮವಿದೆ. ಸಂಜೆ ಏಳರ ಸುಮಾರಿಗೆ ಅತಿಥಿಗಳು ಡ್ರಾಯಿಂಗ್ ರೂಮಿಗೆ ಇಳಿಯುತ್ತಾರೆ. ಬೆಂಕಿಯ ಮುಂದಿನ ಸೋಫಾಕ್ಕೆ ಪಾನೀಯವೂ ಒಂದೇ ತುತ್ತಿಗೆ ಮುಗಿಯುವ ಕನಪೆಗಳೂ ಬರುತ್ತವೆ, ಮೆನು ಬರುತ್ತದೆ. ಹಿಂದೆ ಬೆಲೆ ಕಾಣಿಸಿದ ಮೆನು ಊಟ ಹಾಕಿಸುವವರ ಕೈಗೆ ಮಾತ್ರ ಸಿಗುತ್ತಿತ್ತು, ಉಳಿದವರದ್ದರಲ್ಲಿ ಬೆಲೆಯ ಜಾಗ ಖಾಲಿ. ಏನು ಬೇಕೆಂದು ಅಲ್ಲಿಯೇ ಹೇಳಿ, ಮೊದಲ ತಟ್ಟೆ ಸಿದ್ಧವಾದಾಗ ಕರೆ ಬಂದ ಮೇಲೆಯೇ ಮೇಜಿಗೆ ಹೋಗುವುದು. ಆ ಮೇಜು ಇಡೀ ರಾತ್ರಿಗೆ ಅವರದೇ. ಪಕ್ಕದಲ್ಲಿ ಸೀಟಿಗಾಗಿ ಕಾಯುತ್ತ ನಿಲ್ಲುವವರು ಯಾರೂ ಇರುವುದಿಲ್ಲ. ಬ್ರೆಡ್ಡು, ಬಾಣಸಿಗನ ಕಡೆಯಿಂದ ಲೆಕ್ಕಕ್ಕಿಲ್ಲದ ಒಂದು ಕಿರುತಟ್ಟೆ, ಆಮೇಲೆ ಮೂರು ಸುತ್ತು, ಇಲ್ಲವೇ ಟೇಸ್ಟಿಂಗ್ ಮೆನುವಾದರೆ ಏಳೆಂಟು ಸಣ್ಣ ಸುತ್ತು. ವೈನಿನ ಜವಾಬ್ದಾರಿ ಸೊಮೆಲಿಯೆ ಎಂಬ ಪ್ರತ್ಯೇಕ ಪರಿಣತನದು. ಸಿಹಿಗೆ ಮುಂಚೆಯೋ ನಂತರವೋ ಚೀಸಿನ ತಳ್ಳುಗಾಡಿ ಬರುತ್ತದೆ. ಹತ್ತು ಹನ್ನೆರಡು ಬಗೆಯ ಗಟ್ಟಿ, ಮೆತ್ತನೆಯ, ನೀಲಿಗೆರೆಯ ಚೀಸುಗಳನ್ನು ತೋರಿಸಿ, ಎಲ್ಲಿಯದು, ಯಾವ ಹಾಲಿನದು ಎಂದು ಹೇಳಿ, ಕೇಳಿದ್ದನ್ನು ಕತ್ತರಿಸಿ ಸೌಮ್ಯ ರುಚಿಯದರಿಂದ ಗಾಢ ರುಚಿಯದರ ಕಡೆಗೆ ತಟ್ಟೆಯಲ್ಲಿ ಸುತ್ತಲೂ ಜೋಡಿಸುತ್ತಾರೆ. ಕಾಫಿಗೆ ಮತ್ತೆ ಡ್ರಾಯಿಂಗ್ ರೂಮಿಗೇ ಮರಳುವುದು.

ಇದಕ್ಕಿಂತ ಬೇರೆಯಾಗಿ ನಡೆದದ್ದು ವಿಂಡರ್ಮಿಯರಿನ ಮಿಲ್ಲರ್ ಹೌ. ರಂಗಭೂಮಿಯ ಹಿನ್ನೆಲೆಯ ಜಾನ್ ಟೋವಿ 1971ರಲ್ಲಿ ತೆರೆದ ಈ ಮನೆಯಲ್ಲಿ ಆಯ್ಕೆ ಕಡಿಮೆ. ಗೊತ್ತಾದ ಹೊತ್ತಿಗೆ ದೀಪ ಮಂದವಾಗಿ, ಪರದೆ ಎದ್ದ ನಾಟಕದಂತೆ ಎಲ್ಲರಿಗೂ ಏಕಕಾಲಕ್ಕೆ ಬಡಿಸಲಾಗುತ್ತಿತ್ತು. ಪಂಕ್ತಿಯೂಟ ಉಂಡ ಕನ್ನಡಿಗರಿಗೆ ಇದರಲ್ಲಿ ಅಚ್ಚರಿಪಡುವಂಥದ್ದು ದೀಪವೊಂದೇ.

1984ರಲ್ಲಿ ಫ್ರಾನ್ಸ್ ಮೂಲದ ರೇಮಂಡ್ ಬ್ಲಾಂಕ್ ಆಕ್ಸ್‌ಫರ್ಡ್‌ಶೈರಿನ ಗ್ರೇಟ್ ಮಿಲ್ಟನ್ ಹಳ್ಳಿಯಲ್ಲಿ ತೆರೆದ ‘ಲ ಮಾನ್ವಾರ್ ಓ ಕಾತ್ ಸೆಜೋಂ’ ಈ ಕ್ಷೇತ್ರದ ಅಳತೆಗೋಲನ್ನೇ ಬದಲಿಸಿತು. ಅಲ್ಲಿಯವರೆಗೆ ಮನೆಗೊಂದು ಊಟದ ಕೋಣೆ ಇರುತ್ತಿತ್ತು. ಇಲ್ಲಿ ಎರಡು ಮಿಶೆಲಿನ್ ನಕ್ಷತ್ರಗಳ ಊಟದ ಕೋಣೆಗೆ ಒಂದು ಮನೆ ಇತ್ತು. ತರಕಾರಿ ತೋಟವನ್ನು ಹಿತ್ತಲಿನಿಂದ ತಂದು ಅತಿಥಿಗಳು ಸುತ್ತಾಡುವ ಜಾಗವಾಗಿಸಿದ್ದೂ, ಅಡುಗೆ ಶಾಲೆ ಸೇರಿಸಿದ್ದೂ ಇಲ್ಲಿ. ಐರ್ಲೆಂಡಿನ ಕಾರ್ಕ್ ಪ್ರಾಂತದ ಬಾಲಿಮಲೂ ಹೌಸಿನಲ್ಲಿ ಮರ್ಟಲ್ ಆಲನ್ 1964ರಲ್ಲಿ ಹಿಡಿದ ದಾರಿ ಇನ್ನೂ ಸರಳ: ಸ್ವಂತ ಜಮೀನು, ಹತ್ತಿರದ ಬಂದರು ಅಂದು ಏನು ಕೊಟ್ಟವೋ ಅದರ ಮೇಲೆ ಆ ದಿನದ ಮೆನು ಬರೆಯುವುದು.

ಋತುವಿನ ಹಿಡಿತ ಈ ಅಡುಗೆಯಲ್ಲಿ ಬಲವಾದದ್ದು. ಗ್ರೌಸ್ ಹಕ್ಕಿಯ ಬೇಟೆ ಆಗಸ್ಟ್ 12ಕ್ಕೆ, ಫೆಸೆಂಟಿನದು ಅಕ್ಟೋಬರ್ 1ಕ್ಕೆ ಕಾನೂನು ಪ್ರಕಾರ ತೆರೆಯುತ್ತದೆ. ಮೆನು ಆ ತಾರೀಖುಗಳನ್ನು ಹಿಂಬಾಲಿಸುತ್ತದೆ. ಸಸ್ಯಾಹಾರಿಗಳಿಗೆ ಈಗ ಬಹುತೇಕ ಕಡೆ ಪ್ರತ್ಯೇಕ ಟೇಸ್ಟಿಂಗ್ ಮೆನು ಇದೆ. ಆದರೂ ಮಾಂಸದ ಸಾರು ಬೆರೆತ ಸಾಸ್, ಜೆಲಟಿನ್ ಹಾಕಿದ ಸಿಹಿ, ಕರುವಿನ ಜಠರದ ರೆನೆಟ್‌ನಿಂದ ಒಡೆಸಿದ ಚೀಸು ಹೆಸರಿನಿಂದ ಗೊತ್ತಾಗುವಂಥವಲ್ಲ. ಕೋಣೆ ಕಾದಿರಿಸುವಾಗಲೇ ಹೇಳಬೇಕಾದದ್ದು ಇದನ್ನು.

ಬೆಳಗಿನ ತಿಂಡಿಗೆ ಮೊಟ್ಟೆ, ಬೇಕನ್, ಸಾಸೇಜು, ಹೊಗೆಗೆ ಹಿಡಿದ ಮೀನು, ಓಟ್ಸ್ ಗಂಜಿ. ಸಂಜೆ ನಾಲ್ಕರ ಚಹಾಕ್ಕೆ ಸ್ಯಾಂಡ್‌ವಿಚ್, ಸ್ಕೋನ್, ಕೆನೆ, ಜಾಮು.

ವಿಧಗಳು

ಮಾಲೀಕರೇ ನಡೆಸುವ ಮನೆಗಳು ಮೂಲಮಾದರಿ. ಇಂದು ಇವು ಕಡಿಮೆ. ಎರಡನೆಯದು ಪಾರಂಪರಿಕ ಸಂರಕ್ಷಣೆಯನ್ನೇ ಮುಂದಿಟ್ಟುಕೊಂಡವು. 1814ಕ್ಕೆ ಮುನ್ನ ಫ್ರಾನ್ಸಿನ ಹದಿನೆಂಟನೆಯ ಲೂಯಿ ದೇಶಭ್ರಷ್ಟನಾಗಿ ಐದು ವರ್ಷ ಕಳೆದ ಬಕಿಂಗ್‌ಹ್ಯಾಮ್‌ಶೈರಿನ ಹಾರ್ಟ್‌ವೆಲ್ ಹೌಸ್, ಯಾರ್ಕಿನ ಮಿಡಲ್‌ಥಾರ್ಪ್ ಹಾಲ್, ವೇಲ್ಸಿನ ಬೋಡಿಸ್ಗಾಲನ್ ಹಾಲ್ ಒಂದೇ ಕಂಪನಿಯಿಂದ ಜೀರ್ಣೋದ್ಧಾರಗೊಂಡವು; 2008ರಲ್ಲಿ ಆ ಕಂಪನಿಯನ್ನೇ ನ್ಯಾಷನಲ್ ಟ್ರಸ್ಟಿಗೆ ದಾನ ಕೊಡಲಾಯಿತು. ಟ್ರಸ್ಟಿನ ಒಡೆತನದಲ್ಲಿದ್ದು ಖಾಸಗಿಯವರು ಗುತ್ತಿಗೆಗೆ ಪಡೆದು ನಡೆಸುವ ಮನೆಗೆ ಕ್ಲಿವ್ಡನ್ ಉದಾಹರಣೆ. ಚಾರ್ಲ್ಸ್ ಬ್ಯಾರಿ 1851ರಲ್ಲಿ ವಿನ್ಯಾಸಗೊಳಿಸಿದ ಈ ಮನೆಯ ಈಜುಕೊಳದ ಬಳಿ 1961ರಲ್ಲಿ ಆದ ಒಂದು ಭೇಟಿ ಪ್ರೊಫ್ಯೂಮೊ ಹಗರಣವಾಗಿ ಬೆಳೆದು ಬ್ರಿಟನ್ನಿನ ಮಂತ್ರಿಯೊಬ್ಬರ ರಾಜೀನಾಮೆಯಲ್ಲಿ ಮುಗಿಯಿತು.

ಗತ್ತು ಸಡಿಲಿಸಿದ ಹೊಸ ಬಗೆ 1998ರಲ್ಲಿ ಸಾಮರ್ಸೆಟ್ಟಿನ ಬ್ಯಾಬಿಂಗ್ಟನ್ ಹೌಸಿನೊಂದಿಗೆ ಬಂತು. ಕೋಟು, ಟೈ ಕಡ್ಡಾಯವೆಂಬ ಹಳೆಯ ನಿಯಮ ಅಲ್ಲಿಲ್ಲ. 2011ರಲ್ಲಿ ನ್ಯೂ ಫಾರೆಸ್ಟಿನಲ್ಲಿ ಆರಂಭವಾದ ‘ದ ಪಿಗ್’ ಮೆನುವಿನ ಸಾಮಗ್ರಿಯನ್ನು ಆದಷ್ಟೂ 25 ಮೈಲಿಯೊಳಗಿಂದಲೇ ತರುವ ನಿಯಮ ಹಾಕಿಕೊಂಡು, ಫೈನ್ ಡೈನಿಂಗಿನ ಅನುಕ್ರಮವನ್ನೇ ಕೈಬಿಟ್ಟಿತು.

ದರ್ಜೆ ಮತ್ತು ದರ

ಊಟಕ್ಕೆ ಮಿಶೆಲಿನ್ ನಕ್ಷತ್ರಗಳೂ ಆಟೊಮೊಬೈಲ್ ಅಸೋಸಿಯೇಷನ್ನಿನ ಒಂದರಿಂದ ಐದರವರೆಗಿನ ರೋಸೆಟ್ಟುಗಳೂ ಇವೆ. ವಸತಿಗೆ ಅದೇ ಸಂಘದ ತಾರೆಗಳು, 2024ರಿಂದ ಮಿಶೆಲಿನ್ ಕೀಗಳೂ ಸೇರಿವೆ. 1954ರಲ್ಲಿ ಫ್ರಾನ್ಸಿನಲ್ಲಿ ಬೇರು ಬಿಟ್ಟ ರಿಲೇ ಎ ಶಾತೊ, 1982ರ ಪ್ರೈಡ್ ಆಫ್ ಬ್ರಿಟನ್ ಇಂಥ ಮನೆಗಳ ಒಕ್ಕೂಟಗಳು. ಹೆಸರಾಂತ ಮನೆಗಳಲ್ಲಿ ಇಬ್ಬರ ಕೋಣೆಗೆ ರಾತ್ರಿಗೆ ಕೆಲವು ನೂರು ಪೌಂಡಿನಿಂದ ಸಾವಿರ ದಾಟುವವರೆಗೂ ಆಗುತ್ತದೆ. ತೋರಿಸಿದ ದರದಲ್ಲಿ ನೂರಕ್ಕೆ 20ರ ವ್ಯಾಟ್ ಸೇರಿರುತ್ತದೆ. ಸೇವಾಶುಲ್ಕ ಕೊಡುವುದು ಸಾಮಾನ್ಯವಾಗಿ ಅತಿಥಿಯ ಇಚ್ಛೆ. ಹಾಗೆ ಬಂದ ಹಣವನ್ನು ಮಾಲೀಕರು ಇಟ್ಟುಕೊಳ್ಳದೆ ಪೂರ್ತಿ ಸಿಬ್ಬಂದಿಗೇ ಹಂಚಬೇಕೆಂಬ ಕಾನೂನು 2024ರ ಅಕ್ಟೋಬರಿನಿಂದ ಜಾರಿಯಲ್ಲಿದೆ.

ಭಾರತ ಮತ್ತು ಕರ್ನಾಟಕ

ಭಾರತದಲ್ಲಿ ಇದಕ್ಕೆ ಸಮಾನಾಂತರವಾಗಿ ಬೆಳೆದದ್ದು ಅರಮನೆ ಹೋಟೆಲ್. ಜೈಪುರದ ರಾಮಬಾಗ್ 1957ರಲ್ಲಿ ಹೋಟೆಲಾಯಿತು. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು 1921ರಲ್ಲಿ ಅಡಿಗಲ್ಲು ಹಾಕಿ, ವೈಸರಾಯ್ ಮೊದಲಾದ ಐರೋಪ್ಯ ಅತಿಥಿಗಳಿಗಾಗಿ ಇ. ಡಬ್ಲ್ಯೂ. ಫ್ರಿಚ್ಲಿ ಅವರ ವಿನ್ಯಾಸದಲ್ಲಿ ಕಟ್ಟಿಸಿದ ಲಲಿತಮಹಲ್ 1974ರಲ್ಲಿ ಹೋಟೆಲಾಯಿತು. ಅದು ಮೊದಲಿನಿಂದಲೂ ಅತಿಥಿಗಳಿಗೆಂದೇ ಎದ್ದ ಕಟ್ಟಡವಾದ್ದರಿಂದ ಈ ಲೇಖನದ ವ್ಯಾಖ್ಯೆಗೆ ಪೂರ್ತಿ ಒಗ್ಗುವುದಿಲ್ಲ. ಸ್ವರೂಪದಲ್ಲಿ ಕಂಟ್ರಿ ಹೌಸಿಗೆ ಹೆಚ್ಚು ಹತ್ತಿರದವು ಕೊಡಗು, ಚಿಕ್ಕಮಗಳೂರುಗಳ ಕಾಫಿ ತೋಟದ ಹಳೆಯ ಬಂಗಲೆಗಳು. ಇವುಗಳಲ್ಲಿ ಹಲವು ಹೋಂಸ್ಟೇಗಳಾಗಿವೆ. ಅಲ್ಲಿ ಮನೆಯವರು ನಿಜವಾಗಿಯೂ ಮನೆಯಲ್ಲಿರುತ್ತಾರೆ, ಪಂದಿಕರಿ, ಕಡುಬುಗಳು ಮನೆಯ ಒಲೆಯಿಂದಲೇ ಬರುತ್ತವೆ. ಬ್ರಿಟನ್ನಿನ ಹೋಟೆಲು ಅಭಿನಯಿಸುವುದನ್ನು ಇಲ್ಲಿ ಅಭಿನಯಿಸಬೇಕಾಗಿಲ್ಲ.

ಇಂದಿನ ಸ್ಥಿತಿ

2020ರ ಸಾಂಕ್ರಾಮಿಕದಲ್ಲಿ ಬಾಗಿಲು ಹಾಕಿದ್ದು, ಬ್ರೆಕ್ಸಿಟ್ ನಂತರ ಯುರೋಪಿನ ಕೆಲಸಗಾರರು ಸಿಗದಾದದ್ದು, ಇಂಧನದ ದರ, 2025ರ ಏಪ್ರಿಲಿನಲ್ಲಿ ಸಿಬ್ಬಂದಿಯ ಸಂಬಳದ ಮೇಲೆ ಮಾಲೀಕರು ಕಟ್ಟಬೇಕಾದ ರಾಷ್ಟ್ರೀಯ ವಿಮೆ ನೂರಕ್ಕೆ 15ಕ್ಕೇರಿದ್ದು ಈ ಮನೆಗಳನ್ನು ಹಿಂಡಿವೆ. ಒಂದು ತಟ್ಟೆಯ ಹಿಂದೆ ಹತ್ತು ಕೈಗಳು ದುಡಿಯುವ ಊಟಕ್ಕೆ ಸಂಬಳದ ಏರಿಕೆ ಎಲ್ಲಕ್ಕಿಂತ ಬೇಗ ತಟ್ಟುತ್ತದೆ. ಇಷ್ಟಾದರೂ ಆಳವಾದ ಜೇಬಿನ ಹೂಡಿಕೆದಾರರು ಬರುತ್ತಲೇ ಇದ್ದಾರೆ. 2018ರಲ್ಲಿ ಹ್ಯಾಂಪ್‌ಶೈರಿನ ಹೆಕ್‌ಫೀಲ್ಡ್ ಪ್ಲೇಸ್ ತನ್ನದೇ ಜಮೀನಿನ ಬೆಳೆಯನ್ನು ಮುಂದಿಟ್ಟು ತೆರೆಯಿತು. 2021ರಲ್ಲಿ ಭಾರತದ ರಿಲಯನ್ಸ್ ಕಂಪನಿ ಬಕಿಂಗ್‌ಹ್ಯಾಮ್‌ಶೈರಿನ ಸ್ಟೋಕ್ ಪಾರ್ಕನ್ನು 57 ಮಿಲಿಯನ್ ಪೌಂಡಿಗೆ ಕೊಂಡಿತು.

ಈ ಬಗೆಗೆ ಮೊದಲಿಟ್ಟ ಶ್ಯಾರೋ ಬೇ 2020ರಲ್ಲಿ ಮುಚ್ಚಿತು. ಅದರ ಹೆಸರಿನೊಂದಿಗೆ ಬೆಸೆದುಕೊಂಡ ಪುಡಿಂಗ್ ಈಗ ಬ್ರಿಟನ್ನಿನ ಸೂಪರ್‌ಮಾರ್ಕೆಟ್ಟುಗಳಲ್ಲಿ ಪ್ಲಾಸ್ಟಿಕ್ ಬಟ್ಟಲಿನಲ್ಲಿ, ಮೈಕ್ರೊವೇವಿಗೆ ಸಿದ್ಧವಾಗಿ ಸಿಗುತ್ತದೆ.